ಮಾರಿಕಣಿವೆ ನೀರು ನೋಡೋಕೂ ಬೇಕು, ಕುಡಿಯೋಕೂ ಬೇಕು

ರಜೆ ಬಂತೆಂದರೆ ಮಾರಿಕಣಿವೆ ದಾರಿಯಲ್ಲಿ ಕಾರುಗಳ ಸಾಲು. ಬೆಂಗಳೂರಿನಿಂದ ಹಿರಿಯೂರಿಗೆ ಸುಮಾರು 160 ಕಿಲೋಮೀಟರ್, ಅಲ್ಲಿಂದ ಮುಂದೆ ಇಪ್ಪತ್ತು. ಎರಡು ಗುಡ್ಡದ ನಡುವೆ ಕಲ್ಲಿನ ಕಟ್ಟೆ, ಅದರ ಹಿಂದೆ ಕಣ್ಣು ಹಾಯುವಷ್ಟು ದೂರ ನೀರು. 'ಈ ಬಯಲುಸೀಮೇಲಿ ಇಷ್ಟೊಂದು ನೀರಾ!' ಅಂತ ಬಂದವರು ಬಾಯಿ ಬಿಡುತ್ತಾರೆ. ಬಿಡಲಿ, ಸಂತೋಷ. ಆದರೆ ಹೋಗುವಾಗ ಬಾಟ್ಲಿ, ಕವರು, ಊಟದ ತಟ್ಟೆ ಎಲ್ಲಾ ದಡದಲ್ಲೇ ಬಿಡುತ್ತಾರಲ್ಲ, ಮಾತು ಅದರದ್ದು.

ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರಿನ ಈ ಜಲಾಶಯದ ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಕೋಡಿ ಬಿದ್ದದ್ದನ್ನು ಅಜ್ಜಂದಿರ ಬಾಯಲ್ಲಿ ಕೇಳಿದ್ದವರು, 89 ವರ್ಷದ ಮೇಲೆ 2022ರ ಸೆಪ್ಟೆಂಬರಿನಲ್ಲಿ ಕಣ್ಣಾರೆ ಕಂಡರು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಮಳೆಯ ಜೊತೆಗೆ ಭದ್ರೆಯಿಂದ ಎತ್ತಿ ಹರಿಸಿದ ನೀರೂ ಸೇರಿತ್ತು. ಜನ ಜಾತ್ರೆಯಂತೆ ನೆರೆದರು.

ಈ ಜಾತ್ರೆ ನಡೆಯುವುದು ನಮ್ಮ ಕುಡಿಯುವ ನೀರಿನ ಮೇಲೆ. ಹಿರಿಯೂರಿಗೂ ಚಿತ್ರದುರ್ಗಕ್ಕೂ ನೀರು ಇಲ್ಲಿಂದಲೇ. ಇವತ್ತು ದಡದಲ್ಲಿ ಎಸೆದ ಕಸ ನಾಳೆ ಮಳೆಗೆ ತೊಳೆದು ಎಲ್ಲಿಗೆ ಹೋಗುತ್ತೆ, ಸ್ವಾಮಿ? ಬೆಂಗಳೂರಿಗಂತೂ ಅಲ್ಲ.

ಇನ್ನು ವ್ಯಾಪಾರದ ಮಾತು. ಬುತ್ತಿ, ನೀರು, ಕುರ್ಚಿ ಎಲ್ಲಾ ಡಿಕ್ಕಿಯಲ್ಲಿ ತುಂಬಿಕೊಂಡು ಬರುವವರಿಂದ ನಮ್ಮ ಅಂಗಡಿಗೆ ಏನು ಗಿಟ್ಟೀತು? ಬಸ್ಸಿಳಿದು ಬರುವವನು ಟೀ ಕುಡೀತಾನೆ, ಮಂಡಕ್ಕಿ ಮಿರ್ಚಿ ತಿಂತಾನೆ, ಮಕ್ಕಳಿಗೆ ಪೀಪಿ ಕೊಳ್ತಾನೆ. ಅವನಿಗೆ ಸಂಜೆ ವಾಪಸು ಬಸ್ಸಿನ ಭರವಸೆ ಬೇಕು. ಹೆಂಗಸರಿಗೆ ಶುಚಿಯಾದ ಶೌಚಾಲಯ ಬೇಕು. ಇವೆರಡು ಕೊಟ್ಟರೆ ಪ್ರವಾಸೋದ್ಯಮ ತಾನೇ ಬೆಳೆಯುತ್ತೆ. ಕಮಾನು, ಬಣ್ಣದ ದೀಪ ಆಮೇಲೆ ನೋಡೋಣ.

ಗುಡ್ಡ ಹತ್ತುವ, ಡೇರೆ ಹಾಕುವ ಹುಡುಗರದು ಬೇರೆ ಕತೆ. ಹತ್ತಲಿ, ಮೇಲಿಂದ ನೋಡಿದರೆ ನೀರಿನ ಹರವು ಭಾರತದ ನಕ್ಷೆಯಂತೆ ಕಾಣುತ್ತದೆಂಬ ಮಾತಿದೆ. ಆದರೆ ಇದು ಕರಡಿ, ಚಿರತೆ ಓಡಾಡುವ ಜಿಲ್ಲೆ. ಅರಣ್ಯ ಇಲಾಖೆಯೇ ಒಂದು ದಾರಿ ಗುರುತಿಸಿ, ಊರಿನ ಹುಡುಗರನ್ನು ಜೊತೆಗೆ ಕಳಿಸಿ, ತಲೆಗಿಷ್ಟು ಅಂತ ವಸೂಲು ಮಾಡಲಿ. ಡೇರೆಗೆ ನೀರಂಚಿನಿಂದ ದೂರ ಒಂದು ಜಾಗ ತೋರಿಸಲಿ. ಕದ್ದು ಮಲಗಿ ಬೆಂಕಿ ಹಾಕುವುದಕ್ಕಿಂತ ಅದು ಮೇಲಲ್ಲವೆ?

ಒಂದು ಮಾತು ಮರೆಯಬಾರದು. ಕೋಡಿ ಬಿದ್ದಾಗ ಈ ಕಡೆ ನಾವು ಕುಣಿದರೆ, ಹಿನ್ನೀರಿನ ಹೊಸದುರ್ಗ ತಾಲ್ಲೂಕಿನಲ್ಲಿ ರೈತರ ಹೊಲ, ತೋಟಕ್ಕೆ ನೀರು ನುಗ್ಗುತ್ತದೆ. ಕೋಡಿಯ ಮಟ್ಟ ಇಳಿಸಿ ಅಂತ ಅವರು ಕೇಳಿದ್ದಾರೆ. ಇಳಿಸಿದರೆ ನಮ್ಮ ನೀರಿಗೆ ಖೋತಾ, ಹೌದು. ಹಾಗಂತ ಅವರ ಪಾಡು ಅವರಿಗೆ ಅಂದುಬಿಡುವುದು ನ್ಯಾಯವೆ? ಇಳಿಸಲು ಆಗದಿದ್ದರೆ ಪರಿಹಾರವಾದರೂ ಹೊತ್ತಿಗೆ ಸರಿಯಾಗಿ ಸಿಗಬೇಕು.

ನೋಡೋಕೆ ಬಂದವರು ಸಂಜೆಗೆ ಹೋಗುತ್ತಾರೆ. ಕುಡಿಯುವವರು, ಮುಳುಗುವವರು ಇಲ್ಲೇ ಇರುತ್ತಾರೆ. ಮುಂದಿನ ಕೋಡಿಯೊಳಗೆ ಬಸ್ಸು, ಶೌಚಾಲಯ, ಕಸದ ಗಾಡಿ, ರೈತರ ಪರಿಹಾರ ಈ ನಾಲ್ಕನ್ನಾದರೂ ಸಂಬಂಧಪಟ್ಟವರು ಗಮನಿಸುವರೆ?