ಓಣಿಯ ಸಭೆಗೊಂದು ನಡಾವಳಿಯ ಪುಸ್ತಕ

ನಮ್ಮ ನಗರಗಳ ಓಣಿಗಳಲ್ಲಿ ಸಭೆಗಳು ಕೂಡುತ್ತಿವೆ. ಗುಡಿಯ ಪ್ರಾಕಾರದಲ್ಲಿಯೋ ಶಾಲೆಯ ಪಡಸಾಲೆಯಲ್ಲಿಯೋ ನಾಲ್ಕು ಖುರ್ಚಿಗಳನ್ನು ಹಾಕಿಸಿ, ನಗರಪಾಲಿಕೆಯ ಅಧಿಕಾರಿಗಳನ್ನು ಬರಮಾಡಿಕೊಂಡು, ನಿವಾಸಿಗಳು ತಮ್ಮ ಅಹವಾಲುಗಳನ್ನು ಹೇಳಿಕೊಳ್ಳುತ್ತಾರೆ. ಗಟಾರ ತುಂಬಿ ಹರಿಯುತ್ತಿದೆ. ನಳದಲ್ಲಿ ನೀರು ಬಂದು ಎಷ್ಟೋ ದಿನಗಳಾದವು. ಕಂಬದ ದೀಪ ಹತ್ತುವುದಿಲ್ಲ. ಕಸದ ಗಾಡಿ ಈ ಮೂಲೆಗೆ ತಿರುಗುವುದೇ ಇಲ್ಲ. ಅಧಿಕಾರಿಗಳು ಸಮಾಧಾನದಿಂದ ಕೇಳಿ, "ಕೂಡಲೆ ಕ್ರಮ ಕೈಕೊಳ್ಳಲಾಗುವುದು" ಎಂದು ನುಡಿದು, ಚಹಾ ಸ್ವೀಕರಿಸಿ ತೆರಳುತ್ತಾರೆ. ಕಚೇರಿಯ ಬಾಗಿಲಲ್ಲಿ ಜನರು ಕಾಯುವ ಕಾಲ ಹೋಗಿ, ಜನರ ಬಾಗಿಲಿಗೆ ಅಧಿಕಾರಿಗಳು ಬರುವ ಕಾಲ ಬಂದಿತೆಂದು ಸಂತೋಷಪಡುವವರೊಡನೆ ನಾವೂ ಸಂತೋಷಪಡಲು ಸಿದ್ಧರಿದ್ದೇವೆ. ಆದರೆ ನಮ್ಮದೊಂದು ಪ್ರಶ್ನೆಯುಂಟು: ಆ ಸಭೆಯಲ್ಲಿ ಆಡಿದ ಮಾತನ್ನು ಬರೆದಿಟ್ಟುಕೊಂಡವರು ಯಾರು?

ಪ್ರಶ್ನೆ ಸಣ್ಣದಾಗಿ ತೋರಬಹುದು. ಸಾರ್ವಜನಿಕ ಕಾರಭಾರವನ್ನು ಸ್ವಲ್ಪವಾದರೂ ಬಲ್ಲವರಿಗೆ ಅದು ಸಣ್ಣದಲ್ಲವೆಂಬುದು ಗೊತ್ತು. ಬರೆದಿಡದ ಮಾತಿಗೆ ಹೊಣೆಗಾರನಿಲ್ಲ. ಇಂದು ಮಾತು ಕೊಟ್ಟ ಇಂಜಿನಿಯರರು ಮೂರು ತಿಂಗಳಲ್ಲಿ ಬೇರೆ ಊರಿಗೆ ವರ್ಗವಾಗಿ ಹೋಗುತ್ತಾರೆ. ಅವರ ಸ್ಥಾನಕ್ಕೆ ಬಂದವರು ಮತ್ತೊಮ್ಮೆ ಮೊದಲಿನಿಂದ ಕೇಳುತ್ತಾರೆ. ಓಣಿಯವರು ಮತ್ತೊಮ್ಮೆ ಮೊದಲಿನಿಂದ ಹೇಳುತ್ತಾರೆ. ಗಟಾರ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಅಹವಾಲು ಹೇಳಿಕೊಳ್ಳುವ ಈ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. 1881 ರಲ್ಲಿ ಮೈಸೂರಿನ ದಿವಾನರಾಗಿದ್ದ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಮೊದಲಬಾರಿಗೆ ಕೂಡಿಸಿದಾಗ, ಸಂಸ್ಥಾನದ ನಾನಾ ಭಾಗಗಳಿಂದ 144 ಜನ ಜಮೀನುದಾರರೂ ವ್ಯಾಪಾರಸ್ಥರೂ ದಸರೆಯ ಸಮಯಕ್ಕೆ ಮೈಸೂರಿನಲ್ಲಿ ನೆರೆದರು. ದಿವಾನರು ವರ್ಷದ ಆಡಳಿತದ ವರದಿಯನ್ನು ಓದಿದರು; ಸದಸ್ಯರು ತಮ್ಮ ತಾಲೂಕುಗಳ ಕುಂದುಕೊರತೆಗಳನ್ನು ನಿವೇದಿಸಿಕೊಂಡರು. ಮತ ಕೊಟ್ಟು ಒಂದು ವಿಷಯವನ್ನು ತೀರ್ಮಾನಿಸುವ ಅಧಿಕಾರ ಅವರಿಗಿರಲಿಲ್ಲ. ಕೇಳುವುದೂ ಬಿಡುವುದೂ ಸರಕಾರದ ಚಿತ್ತ. ಆ ಸಭೆಗೆ ಶಾಸನದ ಆಧಾರ ದೊರೆತದ್ದು 1923 ರಲ್ಲಿ, ಅಂದರೆ 42 ವರ್ಷಗಳು ಕಳೆದ ಮೇಲೆ. ಆದಾಗ್ಯೂ ಆ ಸಭೆಯ ಒಂದು ಗುಣವನ್ನು ನಾವು ಮರೆಯಬಾರದು: ಅದರ ನಡಾವಳಿಗಳು ಅಚ್ಚಾಗುತ್ತಿದ್ದವು. ಯಾವ ಕೊರತೆಯನ್ನು ಹೇಳಿಕೊಂಡರು, ದಿವಾನರು ಏನೆಂದು ಉತ್ತರ ಕೊಟ್ಟರು ಎಂಬುದನ್ನು ಇಂದಿಗೂ ಓದಿ ತಿಳಿಯಬಹುದು. ರಾಜಪ್ರಭುತ್ವದ ಕಾಲದಲ್ಲಿ, ಅಧಿಕಾರವಿಲ್ಲದ ಸಭೆಯೊಂದಕ್ಕೆ ಇದ್ದ ಈ ಗೌರವವು ಸ್ವತಂತ್ರ ಪ್ರಜಾರಾಜ್ಯದ ಓಣಿಯ ಸಭೆಗೆ ಬೇಡವೆ?

ಇನ್ನು ಕಾಯಿದೆಯ ಮಾತಿಗೆ ಬರೋಣ. 1992 ರಲ್ಲಿ ಅಂಗೀಕೃತವಾಗಿ 1993 ರ ಜೂನ್ 1 ರಿಂದ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಗಳ ಸ್ಥಳೀಯ ಆಡಳಿತಕ್ಕೆ ಸಂವಿಧಾನದಲ್ಲಿಯೇ ಎಡೆ ಕೊಟ್ಟಿತು. ಅದರ 243-ಎಸ್ ವಿಧಿಯ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡು ಸಮಿತಿಗಳು ಇರತಕ್ಕದ್ದು. ಇರಬಹುದು ಎಂದಲ್ಲ, ಇರತಕ್ಕದ್ದು. ನಮ್ಮ ರಾಜ್ಯದ 1976 ರ ಮಹಾನಗರಪಾಲಿಕೆಗಳ ಕಾಯಿದೆಗೆ ತಿದ್ದುಪಡಿಗಳಾಗಿ, ವಾರ್ಡು ಸಮಿತಿಗಳ ನಿಯಮಗಳು 2016 ರಲ್ಲಿ ಹೊರಬಿದ್ದವು. ವಾರ್ಡಿನ ಚುನಾಯಿತ ಸದಸ್ಯರು ಅಧ್ಯಕ್ಷರು. ಅವರೊಡನೆ ನಾಮನಿರ್ದೇಶಿತರಾದ ಹತ್ತು ಜನ ನಿವಾಸಿಗಳು. ಆ ಹತ್ತರಲ್ಲಿ ಕಡಿಮೆಯೆಂದರೆ ಮೂವರು ಸ್ತ್ರೀಯರು, ಇಬ್ಬರು ಪರಿಶಿಷ್ಟ ಜಾತಿ ಪಂಗಡಗಳವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು. ಸಂವಿಧಾನದ ತಿದ್ದುಪಡಿಯಿಂದ ನಿಯಮಗಳವರೆಗೆ ಹಿಡಿದ ಕಾಲ ಇಪ್ಪತ್ತಮೂರು ವರ್ಷ. ಮೈಸೂರಿನ ದರಬಾರು ತೆಗೆದುಕೊಂಡ 42 ವರ್ಷಗಳಿಗಿಂತ ಇದು ಕಡಿಮೆಯೆಂದು ಯಾರಾದರೂ ಸಮಾಧಾನ ಪಟ್ಟುಕೊಳ್ಳುವುದಾದರೆ ನಾವು ಅಡ್ಡ ಬರುವುದಿಲ್ಲ.

ಇಷ್ಟಾದರೂ ಈ ಸಮಿತಿಗಳು ತಾವಾಗಿ ಹುಟ್ಟಲಿಲ್ಲ. ಬೆಂಗಳೂರಿನ ಕಸವನ್ನು ತಂದು ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರುಗಳ ಗ್ರಾಮಸ್ಥರು ಇನ್ನು ಸಾಕೆಂದು ಪ್ರತಿಭಟಿಸಿದಾಗ 2012 ರಲ್ಲಿ ರಾಜಧಾನಿಯ ಬೀದಿಗಳು ನಾರಿದವು. ಆ ಕಸದ ಮೊಕದ್ದಮೆಯ ವಿಚಾರಣೆಯಲ್ಲಿ ಉಚ್ಚ ನ್ಯಾಯಾಲಯವು ವಾರ್ಡು ಸಮಿತಿಗಳನ್ನು ರಚಿಸಿರೆಂದು ಪಾಲಿಕೆಗೆ ಮತ್ತೆ ಮತ್ತೆ ಹೇಳಬೇಕಾಯಿತು. ಮುಂದೆ ತಿಂಗಳ ಮೊದಲನೆಯ ಶನಿವಾರ ಸಭೆ ಕೂಡಬೇಕೆಂಬ ಪದ್ಧತಿಯೂ ಬಂದಿತು. ಆದರೆ 2020 ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ಸಮಿತಿಗೆ ಅಧ್ಯಕ್ಷರಾಗಬೇಕಾದ ಚುನಾಯಿತ ಸದಸ್ಯರೇ ಇಲ್ಲದೆ ಹೋದರು. ನಮ್ಮ ಹುಬ್ಬಳ್ಳಿ-ಧಾರವಾಡವೂ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಇಲ್ಲಿಯ ಪಾಲಿಕೆಯ ಅವಧಿ 2019 ರ ಮಾರ್ಚಿನಲ್ಲಿ ಮುಗಿಯಿತು. 82 ವಾರ್ಡುಗಳಿಗೆ ಚುನಾವಣೆ ನಡೆದದ್ದು 2021 ರ ಸೆಪ್ಟೆಂಬರಿನಲ್ಲಿ. ನಡುವಿನ ಎರಡೂವರೆ ವರ್ಷ ಜೋಡುನಗರದ ನಿವಾಸಿಯು ಅಧಿಕಾರಿಗಳನ್ನು ಕಂಡನೇ ಹೊರತು ತನ್ನ ಪ್ರತಿನಿಧಿಯನ್ನು ಕಾಣಲಿಲ್ಲ.

ಹಳ್ಳಿಯವನ ಸ್ಥಿತಿ ಈ ಒಂದು ವಿಷಯದಲ್ಲಿ ನಗರದವನಿಗಿಂತ ಮೇಲು. 1993 ರ ಪಂಚಾಯತ ಕಾಯಿದೆಯ ಮೇರೆಗೆ ಗ್ರಾಮದ ಪ್ರತಿಯೊಬ್ಬ ಮತದಾರನೂ ಗ್ರಾಮಸಭೆಯ ಸದಸ್ಯ; ಆರು ತಿಂಗಳಿಗೊಮ್ಮೆಯಾದರೂ ಆ ಸಭೆ ಕೂಡಲೇಬೇಕು. ಅವನನ್ನು ಯಾರೂ ನಾಮನಿರ್ದೇಶನ ಮಾಡಬೇಕಾಗಿಲ್ಲ. ನಗರದಲ್ಲಿ ಪದವೀಧರನೂ ವಕೀಲನೂ ಹೆಡ್‌ಮಾಸ್ತರನೂ ವಾರ್ಡು ಸಮಿತಿಯಲ್ಲಿ ಕುಳಿತುಕೊಳ್ಳಬೇಕಾದರೆ ಆ ಹತ್ತು ಜನರ ಪಟ್ಟಿಯಲ್ಲಿ ಹೆಸರು ಬರಬೇಕು. ನಾಗರಿಕತೆಯ ಹೆಮ್ಮೆಯುಳ್ಳ ನಾವು ಇದನ್ನು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಅಧಿಕಾರಿಗಳು ಕರೆಯುವ ಜನಸಂಪರ್ಕದ ಸಭೆಗೂ ವಾರ್ಡು ಸಮಿತಿಯ ಸಭೆಗೂ ವ್ಯತ್ಯಾಸವಿಲ್ಲವೆಂದು ತಿಳಿದ ಸದ್ಗೃಹಸ್ಥರು ಅನೇಕರಿದ್ದಾರೆ. ಎರಡೂ ಕಡೆಗೆ ಗಟಾರದ ಮಾತೇ ತಾನೆ ಎಂದು ಅವರು ಕೇಳುತ್ತಾರೆ. ವ್ಯತ್ಯಾಸ ಬಹಳವಿದೆ. ಮೊದಲನೆಯದರಲ್ಲಿ ನಾವು ಅರ್ಜಿದಾರರು: ಕರೆದಾಗ ಹೋಗುತ್ತೇವೆ, ಕೈಮುಗಿದು ಹೇಳುತ್ತೇವೆ, ಆದರೆ ಉಪಕಾರ, ಆಗದಿದ್ದರೆ ದೈವ. ಎರಡನೆಯದರಲ್ಲಿ ನಾವು ಆಡಳಿತದ ಒಂದು ಅಂಗ: ದಿನಾಂಕ ನಿಶ್ಚಿತ, ವಿಷಯಪಟ್ಟಿ ನಿಶ್ಚಿತ, ಕಾರ್ಯದರ್ಶಿಯಾಗಿ ಕುಳಿತ ಅಧಿಕಾರಿಯು ಠರಾವನ್ನು ಬರೆದುಕೊಳ್ಳಲು ಬದ್ಧ. ಮೊದಲನೆಯದನ್ನು ಬೇಡವೆನ್ನುವುದಿಲ್ಲ. ಎರಡನೆಯದು ಬಾರದಂತೆ ಅದನ್ನು ಮುಂದೆ ಮಾಡುವುದನ್ನು ನಾವು ಒಪ್ಪಲಾರೆವು.

ಅಧಿಕಾರಿಗಳ ಪಕ್ಷದಲ್ಲಿ ಹೇಳಬೇಕಾದುದನ್ನೂ ಹೇಳುವುದು ನ್ಯಾಯ. ಸಭೆಗೆ ಬಂದ ಕಿರಿಯ ಇಂಜಿನಿಯರರ ಕೈಯಲ್ಲಿ ಇರುವುದೇನು? ನೀರಿನ ಕೊಳವೆ ಹಾಕುವವರು ಒಬ್ಬರು. ಅದಕ್ಕಾಗಿ ಅಗೆದ ರಸ್ತೆಯನ್ನು ಮುಚ್ಚಬೇಕಾದವರು ಇನ್ನೊಬ್ಬರು. ಕಂಬ ವಿದ್ಯುತ್ ಕಂಪನಿಯದು, ಅದರ ಮೇಲಿನ ದೀಪ ಪಾಲಿಕೆಯದು. ದೊಡ್ಡ ರಸ್ತೆಯಾದರೆ ಲೋಕೋಪಯೋಗಿ ಇಲಾಖೆಯದು. ಜನರಿಗೆ ಸರಕಾರವೆಂಬುದು ಒಂದೇ. ಒಳಗೆ ಹೊಕ್ಕು ನೋಡಿದರೆ ಅದು ಹಿಸ್ಸೆಯಾದ ಅಣ್ಣತಮ್ಮಂದಿರ ಮನೆ. "ಅದು ನಮ್ಮ ಕಡೆ ಬರುವುದಿಲ್ಲ" ಎಂಬ ಉತ್ತರವು ಎಷ್ಟೋ ಸಲ ಸತ್ಯವೇ ಆಗಿರುತ್ತದೆ. ಆದುದರಿಂದಲೇ ಯಾವ ಕೆಲಸ ಯಾರ ಕಡೆಗೆ ಎಂಬುದನ್ನು ಸಭೆಯಲ್ಲಿಯೇ ಗೊತ್ತುಮಾಡಿ, ಆ ಇಲಾಖೆಯವರನ್ನು ಮುಂದಿನ ಸಭೆಗೆ ಕರೆಸಬೇಕೆಂದು ಬರೆಯಿಸುವುದು ಅವಶ್ಯ. ಪ್ರಾಮಾಣಿಕನಾದ ಅಧಿಕಾರಿಗೆ ಬರೆದ ನಡಾವಳಿಯು ಶತ್ರುವಲ್ಲ. ಹಣ ಬೇಕೆಂದು ಅವನು ಮೇಲಿನವರನ್ನು ಕೇಳುವಾಗ ಅದು ಅವನ ಕೈಯೊಳಗಿನ ಆಧಾರ.

ಬರೆದ ಕಾಗದವನ್ನು ಹತ್ತು ಜನರ ಮುಂದೆ ಓದುವುದರಿಂದ ಏನಾಗಬಲ್ಲದೆಂಬುದಕ್ಕೆ ರಾಜಸ್ಥಾನದ ಒಂದು ದೃಷ್ಟಾಂತವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಅಲ್ಲಿ 1990 ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ ಸಿಂಗ್ ಮೊದಲಾದವರು ರೈತ ಕೂಲಿಕಾರರೊಡನೆ ಸೇರಿ ಮಜದೂರ ಕಿಸಾನ ಶಕ್ತಿ ಸಂಘಟನೆಯನ್ನು ಕಟ್ಟಿದರು. ಬರಗಾಲದ ಕಾಮಗಾರಿಗಳಲ್ಲಿ ದುಡಿದವರಿಗೆ ಪೂರ್ಣ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ ಕಾಗದದಲ್ಲಿ ನೀವು ಅಷ್ಟು ಕೆಲಸ ಮಾಡಿಲ್ಲವೆಂಬ ಉತ್ತರ. ಆ ಕಾಗದವನ್ನು ತೋರಿಸಿರೆಂದರೆ ಅದು ಸರಕಾರದ ಗುಪ್ತ ದಾಖಲೆ! 1994 ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾಣಾ ಎಂಬ ಹಳ್ಳಿಯಲ್ಲಿ ಅವರು ಮೊದಲನೆಯ ಜನವಿಚಾರಣೆಯನ್ನು ನಡೆಸಿದರು. ಕೂಲಿಕಾರರ ಹಾಜರಿಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಕೆಲಸಕ್ಕೆ ಹೋಗದವರ ಹೆಸರುಗಳು ಪಟ್ಟಿಯಲ್ಲಿ ಇದ್ದುದನ್ನು ಊರವರೇ ಗುರುತಿಸಿದರು. ಅಕ್ಷರ ಬಾರದ ಹೆಣ್ಣುಮಗಳೂ ಓದಿದ್ದನ್ನು ಕೇಳಿ ಇದು ಸುಳ್ಳೆಂದು ಹೇಳಬಲ್ಲವಳಾದಳು. ಅಲ್ಲಿಂದ ಹುಟ್ಟಿದ ಚಳವಳಿಯು ಮಾಹಿತಿಯ ಹಕ್ಕನ್ನು ಬೇಡುತ್ತ ಬೆಳೆದು, 2000 ದಲ್ಲಿ ರಾಜಸ್ಥಾನದ ಕಾಯಿದೆಯಾಗಿ, 2005 ರಲ್ಲಿ ಇಡಿಯ ದೇಶದ ಕಾಯಿದೆಯಾಗಿ ಫಲಿಸಿತು. ಬರದ ನಾಡಿನ ಕೂಲಿಕಾರರು ಮಾಡಿದ ಈ ಕಾರ್ಯವನ್ನು ಅಕ್ಷರಸ್ಥರಾದ ನಮ್ಮ ಪಟ್ಟಣಿಗರು ಒಂದು ಓಣಿಯ ಮಟ್ಟಿಗಾದರೂ ಮಾಡಲಾರರೆ?

ಓದುವ ಮಾತು ಬಂದುದರಿಂದ ಭಾಷೆಯ ಮಾತನ್ನೂ ಆಡಲೇಬೇಕು. ಕನ್ನಡವು ಈ ರಾಜ್ಯದ ಆಡಳಿತಭಾಷೆಯೆಂಬ ಕಾಯಿದೆ 1963 ರಷ್ಟು ಹಳೆಯದು. ಆದರೂ ಗಟಾರದ ಕಾಮಗಾರಿಯ ಅಂದಾಜುಪತ್ರಿಕೆ, ಟೆಂಡರಿನ ಷರತ್ತುಗಳು, ಅಳತೆಯ ಪುಸ್ತಕ ಇವು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತವೆ. ನಳದ ಮುಂದೆ ಕೊಡ ಹಿಡಿದು ನಿಲ್ಲುವವಳಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಮನೆಯ ಮುಂದೆ ಕೊಳವೆ ಸೋರುತ್ತದೆ ಎಂಬುದೆಲ್ಲ ಇಂಜಿನಿಯರರಿಗಿಂತ ಚೆನ್ನಾಗಿ ಗೊತ್ತು. ಅವಳ ಓಣಿಗಾಗಿ ಬರೆದ ಕಾಗದ ಅವಳಿಗೆ ತಿಳಿಯದ ಭಾಷೆಯಲ್ಲಿದ್ದರೆ ಅವಳ ತಿಳಿವಳಿಕೆಯು ಸಭೆಗೆ ಒದಗುವ ದಾರಿಯೇ ಕಟ್ಟಿಹೋಯಿತು. ನಮ್ಮ ಅನುಭವದಲ್ಲಿ ಸಭೆಯ ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ. ಕಾಗದಕ್ಕೆ ಇಳಿಯುವಾಗ ಮಾತ್ರ ಅದು ಪರದೇಶಕ್ಕೆ ಹೊರಡುತ್ತದೆ.

ನಮ್ಮವರ ದೋಷವನ್ನೂ ಮುಚ್ಚಿಡಲಾಗದು. ಮೊದಲನೆಯ ಸಭೆಗೆ ಐವತ್ತು ಜನ ಬಂದರೆ ಎರಡನೆಯದಕ್ಕೆ ಹದಿನೈದು, ಮೂರನೆಯದಕ್ಕೆ ಇಬ್ಬರು. ಬಂದವರಲ್ಲಿಯೂ ಪ್ರತಿಯೊಬ್ಬನಿಗೆ ತನ್ನ ಮನೆಯ ಮುಂದಿನ ಹೊಂಡವೇ ಲೋಕದ ಹೊಂಡ. ಸ್ವಂತ ಮನೆಯುಳ್ಳವರು ಮುಂದೆ ಕೂಡುತ್ತಾರೆ, ಬಾಡಿಗೆಯವರು ಹಿಂದೆ ನಿಲ್ಲುತ್ತಾರೆ, ಓಣಿಯನ್ನು ನಸುಕಿನಲ್ಲಿ ಗುಡಿಸುವ ಪೌರಕಾರ್ಮಿಕರನ್ನಂತೂ ಯಾರೂ ಕರೆಯುವುದೇ ಇಲ್ಲ. ಕಸ ಎಲ್ಲಿ ಬೀಳುತ್ತದೆ, ಯಾರು ಸುರಿಯುತ್ತಾರೆ ಎಂಬುದನ್ನು ಅವರಿಗಿಂತ ಬಲ್ಲವರಾರು? ಕೆಲವೆಡೆ ಸಭೆಯು ರಾಜಕೀಯ ಪಕ್ಷದವರ ಜಗಳದ ಅಂಗಳವಾಗುತ್ತದೆ. ಅಧಿಕಾರಿಯು ಗಡಿಯಾರ ನೋಡಿಕೊಂಡು ಎದ್ದುಹೋಗಲು ಅದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ನಗರಪಾಲಿಕೆಯು ಪ್ರತಿಯೊಂದು ವಾರ್ಡಿಗೂ ಒಂದು ನಡಾವಳಿಯ ಪುಸ್ತಕವನ್ನು ಇಡಬೇಕು. ಸಭೆಯಾದ ಒಂದು ವಾರದೊಳಗೆ ಅದರ ಕನ್ನಡ ಪ್ರತಿಯನ್ನು ವಾರ್ಡಿನ ಕಚೇರಿಯ ಬಾಗಿಲಿಗೆ ಅಂಟಿಸಬೇಕು. ಅಹವಾಲು ಏನು, ಹೊಣೆ ಯಾರದು, ಯಾವ ದಿನದೊಳಗೆ, ಎಷ್ಟು ಹಣ: ಇಷ್ಟು ಬರೆದರೆ ಸಾಕು, ಮಹಾಕಾವ್ಯ ಬೇಡ. ಪಾಲಿಕೆಯವರು ಇಡದಿದ್ದಲ್ಲಿ ಓಣಿಯವರೇ ಒಂದು ವಹಿಯನ್ನು ತರಲಿ. ಈ ಕೆಲಸಕ್ಕೆ ನಮ್ಮ ಶಾಲೆಯ ಮಾಸ್ತರರಿಗಿಂತ ಯೋಗ್ಯರು ಸಿಗಲಾರರು. ಅಕ್ಷರ ದುಂಡಗೆ, ನಾಲ್ಕು ಜನರ ಮಾತನ್ನು ಒಂದು ವಾಕ್ಯಕ್ಕೆ ತರುವ ಅಭ್ಯಾಸ, ಓಣಿಯ ಅರ್ಧ ಜನ ಅವರ ವಿದ್ಯಾರ್ಥಿಗಳೇ. ತಿಂಗಳಿಗೊಂದು ಸಂಜೆಯನ್ನು ಅವರು ಇದಕ್ಕೆ ಕೊಡಬೇಕೆಂದು ನಾವು ವಿನಂತಿಸುತ್ತೇವೆ. ಬರೆದದ್ದನ್ನು ಸಭೆಯಲ್ಲಿಯೇ ಓದಿ ತೋರಿಸಿ, ಬಂದ ಅಧಿಕಾರಿಯ ರುಜುವನ್ನು ಕೇಳಿಕೊಳ್ಳಲಿ. ಚಹಾ ಅದರ ತರುವಾಯ.

ಮುಂದಿನ ಸಭೆಯಲ್ಲಿ ಗಟಾರದ ಮಾತು ತೆಗೆಯುವ ಮೊದಲು ಹಿಂದಿನ ಸಭೆಯ ನಡಾವಳಿಯನ್ನು ಓದಿರೆಂದು ಒಬ್ಬರಾದರೂ ಎದ್ದುನಿಂತು ಕೇಳಬೇಕು. ಇಲ್ಲವೆಂಬ ಉತ್ತರ ಬಂದರೆ ಸಿಟ್ಟಾಗುವ ಕಾರಣವಿಲ್ಲ. ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಹತ್ತು ರೂಪಾಯಿಯ ಶುಲ್ಕದೊಡನೆ ಒಂದು ಅರ್ಜಿಯನ್ನು ಹಾಕಿ, ಈ ವಾರ್ಡಿನ ಸಮಿತಿಯ ರಚನೆಯ ಆದೇಶ, ಸದಸ್ಯರ ಪಟ್ಟಿ, ಕಳೆದ ವರ್ಷದ ಸಭೆಗಳ ನಡಾವಳಿ ಇವುಗಳ ಪ್ರತಿಗಳನ್ನು ಬೇಡಬಹುದು. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಪುಸ್ತಕವಿದ್ದರೆ ಅದು ಕೈಗೆ ಬಂದೀತು. ಪುಸ್ತಕವೇ ಇಲ್ಲವೆಂದು ಬರೆದುಕೊಟ್ಟರೆ, ಮೇಯರರ ಮುಂದೆಯೂ ಅವಶ್ಯಬಿದ್ದರೆ ನ್ಯಾಯಾಲಯದ ಮುಂದೆಯೂ ಇಡಲು ಆ ಒಂದು ಸಾಲಿನ ಉತ್ತರವು ಸಾಕಾದೀತು.