ಬಾರದೆ ಉಳಿದ ಪದಕಗಳು

ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ 1965 ಹಾಗೂ 1971ರ ಯುದ್ಧ ಕಂಡವರಿದ್ದರು. ಕೆಲವರು ಸಲ್ಲಬೇಕಾದ ಪದಕ ಕೈಸೇರದೆಯೇ ತೀರಿಕೊಂಡರು. 1971ರಲ್ಲಿ ಪೂರ್ವದಲ್ಲಿ ಹೋರಾಡಿದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಹೋರಾಡಿದವರಿಗೆ ಪಶ್ಚಿಮಿ ಸ್ಟಾರ್ ಎಂದು ಸರಕಾರವೇ ಗೊತ್ತುಮಾಡಿದೆ.

ಪಹಣಿ ಟ್ರಂಕಿನಲ್ಲಿ ಭದ್ರ. ಡಿಸ್ಚಾರ್ಜ್ ಪುಸ್ತಕ ಮಾತ್ರ ಅಟ್ಟದ ಗೆದ್ದಲಿನ ಪಾಲು. ಸೈನ್ಯದ ನಂಬರು, ದಳ, ಸೇವೆಯ ಕಾಲ ಇರುವುದು ಅದರಲ್ಲಿಯೇ. ಅದರ ನಕಲು, ಮರಣಪತ್ರ, ಸಂಬಂಧದ ದಾಖಲೆಗಳನ್ನಿಟ್ಟು ಆಯಾ ದಳದ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿದೆ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಬಹುದು.

ಕಾಸು ಬಾರದ ವಸ್ತುವಿಗೆ ಇಷ್ಟು ಓಡಾಟವೇಕೆ ಎನ್ನುವವರುಂಟು. ಕಾಫಿ ದರದಲ್ಲಿ ಕಿಲೋಗೆ ಒಂದು ರೂಪಾಯಿ ಬಾಕಿಯಾದರೆ ಸಭೆಯಲ್ಲಿ ಮೊದಲು ಏಳುವವರೂ ಅವರೇ! ಇದೂ ಬಾಕಿಯೇ ಎಂಬುದು ನಮ್ಮ ಅಭಿಪ್ರಾಯ. ಮನೆಯ ಹಿರಿಯ ಹೆಂಗಸರಿಗೆ ದಳದ ಹೆಸರು ನೆನಪಿರುವಾಗಲೇ, ಈ ಕೊಯ್ಲು ಮುಗಿದೊಡನೆ, ಕೇಳಿ ಬರೆದಿಟ್ಟುಕೊಳ್ಳಿರಿ.