ಏಳು ಅಂಕ ಕಡಿಮೆಯಾದ ‘ಡಾಕ್ಟರಮ್ಮ’

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಎಲ್ಲರೂ ನನ್ನನ್ನು ‘ಡಾಕ್ಟರಮ್ಮ’ ಎಂದೇ ಕರೆಯುತ್ತಾರೆ. ಕಾನೂನಿನ ಪ್ರಕಾರ ನಾನಿನ್ನೂ ಡಾಕ್ಟರ್ ಅಲ್ಲ. ಕಿರ್ಗಿಸ್ತಾನದಲ್ಲಿ ವೈದ್ಯಕೀಯ ಪದವಿ ಮುಗಿಸಿ ಬಂದಿದ್ದೇನೆ, ಅಷ್ಟೇ. ನನ್ನಂತೆ ಹೊರದೇಶದಲ್ಲಿ ಓದಿದವರು ಇಲ್ಲಿ ನೋಂದಣಿ ಪಡೆಯಬೇಕಾದರೆ ಎಫ್‌ಎಂಜಿಇ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಮೊದಲ ಸಲ ಬರೆದಾಗ ನನಗೆ ಬಂದದ್ದು 143. ಬೇಕಿದ್ದದ್ದು 150.

ವರ್ಷಕ್ಕೆ ಎರಡು ಬಾರಿ ನಡೆಯುವ ಈ ಪರೀಕ್ಷೆಯಲ್ಲಿ 300 ಪ್ರಶ್ನೆಗಳಿರುತ್ತವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅರ್ಧದಷ್ಟು ಸರಿಯಾದರೆ ಸಾಕು. ಕೇಳುವುದಕ್ಕೆ ಸುಲಭ. ಆದರೆ 2024ರ ಜೂನ್ ಆವೃತ್ತಿಯ ಪರೀಕ್ಷೆಯಲ್ಲಿ ಪಾಸಾದವರು ಸುಮಾರು ಐವರಲ್ಲಿ ಒಬ್ಬರು ಮಾತ್ರ. ಹೀಗಾಗಿ ‘ಈ ಪರೀಕ್ಷೆಯೇ ಅನ್ಯಾಯ, ತೆಗೆದುಹಾಕಬೇಕು’ ಎನ್ನುವ ಗೆಳೆಯರು ನನಗೆ ಬಹಳ ಮಂದಿ ಇದ್ದಾರೆ. ಫಲಿತಾಂಶ ಬಂದ ರಾತ್ರಿ ನಾನೂ ಹಾಗೇ ಅಂದಿದ್ದೆ. ಈಗ ಅನ್ನುವುದಿಲ್ಲ.

ಫೇಲಾದ ವಿಷಯವನ್ನು ಅಪ್ಪ, ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹಿಪ್ಪುನೇರಳೆ ತೋಟದ ಮೇಲೆ ಸಾಲ ಮಾಡಿ ಓದಿಸಿದ್ದಾರೆ. ನೆಂಟರ ಮುಂದೆ ಅವರ ತಲೆ ತಗ್ಗಬಾರದು ಎಂಬುದು ನನ್ನ ಲೆಕ್ಕ. ಅದೇ ಹೊತ್ತಿಗೆ ಪರಿಚಯದವರೊಬ್ಬರ ಮೂಲಕ ಒಂದು ಕ್ಲಿನಿಕ್‌ನಿಂದ ರಾತ್ರಿ ಡ್ಯೂಟಿಗೆ ಕರೆ ಬಂತು. ‘ಬೋರ್ಡಿನಲ್ಲಿ ನಿಮ್ಮ ಹೆಸರು ಇರಲ್ಲ, ಯಾರೂ ಕೇಳಲ್ಲ’ ಎಂದರು. ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಂತೆ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದು ಗೊತ್ತಿದ್ದೂ ಎರಡು ದಿನ ಯೋಚಿಸಿದೆ. ಬಡ್ಡಿ ಕಟ್ಟುವ ಮನೆಯಲ್ಲಿ ಸಂಬಳ ಎಂಬ ಮಾತಿಗೆ ತೂಕ ಜಾಸ್ತಿ.

ಆ ಎರಡು ದಿನದಲ್ಲೇ ಪಕ್ಕದ ಮನೆಯ ಅಕ್ಕ ಬಂದರು. ರೇಷ್ಮೆ ನೂಲು ಬಿಚ್ಚುವ ಕೆಲಸ ಅವರದು. ದಿನವಿಡೀ ಗೂಡು ಬೇಯಿಸುವ ಹಬೆಯ ಮುಂದೆಯೇ ಇರುತ್ತಾರೆ. ‘ಡಾಕ್ಟರಮ್ಮ, ಕೆಮ್ಮು ನಿಲ್ತಾನೇ ಇಲ್ಲ, ಏನಾದ್ರೂ ಬರ್ಕೊಡಮ್ಮ’ ಎಂದರು. ನನ್ನ ತಲೆಯಲ್ಲಿ ಉತ್ತರ ಸಿದ್ಧವಾಗಿತ್ತು: ಹಬೆ, ಹೊಗೆ, ಕೆಲಸದಿಂದ ಬಂದ ಅಸ್ತಮಾ. ಪೆನ್ನು ಕೈಯಲ್ಲೇ ಇತ್ತು. ಯಾಕೋ ಬರೆಯುವ ಧೈರ್ಯವಾಗಲಿಲ್ಲ. ‘ನಂಗೆ ಬರ್ಕೊಡೋ ಹಕ್ಕಿಲ್ಲ ಅಕ್ಕ, ನಾನಿನ್ನೂ ಪಾಸಾಗಿಲ್ಲ’ ಎಂದುಬಿಟ್ಟೆ. ಹೊರಗಿನವರ ಮುಂದೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. ಅವರನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು.

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಇದನ್ನು ನಾನು ಎಷ್ಟೋ ಸಲ ಬಾಯಿಪಾಠ ಮಾಡಿದ್ದೆ. ಆದರೆ ಎದುರಿಗೆ ರೋಗಿ ಕೂತಾಗ ‘ಎಷ್ಟು ದಿನದಿಂದ?’ ಎಂದು ಕೇಳುವುದೇ ಮರೆತಿತ್ತು. ನನಗೆ ಕಡಿಮೆಯಾದ ಆ ಏಳು ಅಂಕ ಎಲ್ಲಿ ಹೋಗಿತ್ತು ಎಂಬುದು ಅವತ್ತು ತಿಳಿಯಿತು. ಈ ಪರೀಕ್ಷೆ ಇರುವುದು ನನ್ನನ್ನು ತಡೆಯುವುದಕ್ಕಲ್ಲ, ಆ ಅಕ್ಕನನ್ನು ಕಾಯುವುದಕ್ಕೆ. ಕ್ಲಿನಿಕ್‌ನವರಿಗೆ ಬರುವುದಿಲ್ಲ ಎಂದು ಹೇಳಿದೆ.

ಫೇಲಾದದ್ದನ್ನು ಬಾಯಿಬಿಟ್ಟು ಹೇಳಿದ ಮೇಲೆ ನನ್ನಂಥವರೇ ಇನ್ನಿಬ್ಬರು ಸಿಕ್ಕರು. ಒಬ್ಬಳು ಗೌರಿಬಿದನೂರಿನವಳು, ಇನ್ನೊಬ್ಬ ಚಿಂತಾಮಣಿಯವನು. ಭಾನುವಾರ ಮೂವರೂ ಬಸ್ಸು ಹತ್ತಿ ಚಿಕ್ಕಬಳ್ಳಾಪುರದಲ್ಲಿ ಸೇರಿ ಓದುತ್ತೇವೆ. ಮೊದಲು ಮಾಡಿದ ಕೆಲಸ ಅಂಕಗಳ ಹಂಚಿಕೆ ನೋಡಿದ್ದು. ಅಂಗರಚನಾಶಾಸ್ತ್ರಕ್ಕೆ 17 ಅಂಕ, ಸಮುದಾಯ ವೈದ್ಯಶಾಸ್ತ್ರಕ್ಕೆ 30. ನಾನು ತಿಂಗಳುಗಟ್ಟಲೆ ಓದಿದ್ದು ಮೊದಲನೆಯದನ್ನು, ಕೊನೆಯ ವಾರಕ್ಕೆ ತಳ್ಳಿದ್ದು ಎರಡನೆಯದನ್ನು.

ಆ 30 ಅಂಕದ ಪಾಠದ ಎಷ್ಟೋ ಭಾಗ ನಮ್ಮ ಊರುಗಳಲ್ಲೇ ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದನ್ನು ಗೌರಿಬಿದನೂರಿನ ಗೆಳತಿ ಮರೆಯುವುದೇ ಇಲ್ಲ. ಆಳದ ಕೊಳವೆಬಾವಿ ನೀರು ಕುಡಿದು ಹಲ್ಲು ಕಂದಿದ ಮಕ್ಕಳನ್ನು ಅವಳು ಕಣ್ಣಾರೆ ನೋಡಿದ್ದಾಳೆ. ಬೇರೆ ವಿಷಯಗಳೂ ಹಾಗೆಯೇ. ಕೀಟನಾಶಕ ಮೈಗೇರಿದವನಿಗೆ ಬೆವರು, ಜೊಲ್ಲು ಸುರಿದು ಕಣ್ಣಪಾಪೆ ಸೂಜಿಮೊನೆಯಷ್ಟಾದರೆ ಅಟ್ರೋಪಿನ್ ಕೊಡಬೇಕು ಎಂಬುದನ್ನು ಚಿಂತಾಮಣಿಯ ಗೆಳೆಯ ಹೊಲದ ಕಥೆಯಾಗಿಯೇ ವಿವರಿಸುತ್ತಾನೆ. ಹೊರದೇಶದಲ್ಲಿ ನಮ್ಮ ಪಾಠ ಇಂಗ್ಲಿಷಿನಲ್ಲಿ, ರೋಗಿಗಳ ಮಾತು ರಷ್ಯನ್ ಮತ್ತು ಕಿರ್ಗಿಜ್‌ನಲ್ಲಿ. ಇಲ್ಲಿ ಕನ್ನಡ, ತೆಲುಗಿನಲ್ಲಿ ರೋಗಿಯೇ ಪಾಠ ಹೇಳುತ್ತಾನೆ.

ಅದಕ್ಕೇ ನನ್ನದೊಂದು ಕೋರಿಕೆ. ಪರೀಕ್ಷೆಯನ್ನು ಸಡಿಲ ಮಾಡುವುದು ಬೇಡ. ಬದಲಿಗೆ, ತಯಾರಿ ನಡೆಸುತ್ತಿರುವವರು ವಾರಕ್ಕೆರಡು ದಿನ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹಿರಿಯ ವೈದ್ಯರ ಹಿಂದೆ ನಿಂತು ನೋಡಲು ಅವಕಾಶ ಕೊಡಿ. ರೋಗಿಯನ್ನು ಮುಟ್ಟುವುದಿಲ್ಲ, ಚೀಟಿ ಬರೆಯುವುದಿಲ್ಲ, ಸಂಬಳವೂ ಬೇಡ. ಆ ಬಾಗಿಲು ತೆರೆದರೆ ಕಳ್ಳ ಡ್ಯೂಟಿಯ ಬಾಗಿಲು ತಾನಾಗಿ ಮುಚ್ಚುತ್ತದೆ.

ಯಾವುದೇ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೂ ಒಂದು ಮಾತು. ಫೇಲಾದದ್ದನ್ನು ಬಚ್ಚಿಡಬೇಡಿ. ಬಚ್ಚಿಟ್ಟಷ್ಟು ದಿನ ನಾನು ಒಬ್ಬಳೇ ಓದಿದೆ, ತಪ್ಪನ್ನೇ ಮತ್ತೆ ಮತ್ತೆ ಓದಿದೆ.

ಅಕ್ಕನ ಚಿಕಿತ್ಸೆ ಆರು ತಿಂಗಳದು. ಮಾತ್ರೆ ನುಂಗಿದಿರಾ ಎಂದು ದಿನಾ ಕೇಳುತ್ತೇನೆ. ಓದಿದೆಯಾ ಎಂದು ಅವರೂ ಕೇಳುತ್ತಾರೆ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ.